ವಿಧೇಯಕದ ಹಾದಿ ಮತ್ತು ನಮ್ಮ ಅಂತರ್ಜಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ನಂದಿಯ ಪ್ರಾಂತದಲ್ಲಿ ಉದಿಸಿ ಗೌರಿಬಿದನೂರಿನತ್ತ ಸಾಗುವ ಉತ್ತರ ಪಿನಾಕಿನಿಯೂ ಮಳೆಯನ್ನೇ ನಂಬಿದವಳು. ಹಿರಿಯರು ಕೆರೆಗಳನ್ನು ಕಟ್ಟಿಸಿ ಬಾಳಿದರು. ನಾವಾದರೋ ಕೊಳವೆಬಾವಿ ಕೊರೆಯಿಸಿ ಹಿಪ್ಪುನೇರಳೆ ಬೆಳೆದೆವು. ಅದರ ಫಲವಾಗಿ ಈ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಗೆ ಹೆಸರಾಗಿವೆ. ಇಂತಹ ನೆಲದ ರಕ್ಷಣೆಗೆಂದು 2011ರಲ್ಲಿ ಕರ್ನಾಟಕದ ಅಂತರ್ಜಲ ಅಧಿನಿಯಮವು ರೂಪುಗೊಂಡಿತು.

ಕಾನೂನಿನ ಕರಡಿಗೆ ವಿಧೇಯಕವೆಂದೂ, ಅದು ಸಿದ್ಧಿಸಿದ ಬಳಿಕ ಅಧಿನಿಯಮವೆಂದೂ ಹೆಸರು. ಇವೆರಡರ ನಡುವಿನ ಹಾದಿಯನ್ನು ವಾಚಕರು ಅರಿತಿರುವುದು ಒಳಿತು. ನೀರು ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯ. ಪರಿಸರವನ್ನು ಕಾಪಾಡುವುದು ರಾಜ್ಯದ ಹೊಣೆಯೂ ಪ್ರಜೆಯ ಕರ್ತವ್ಯವೂ ಹೌದೆಂದು 1976ರ 42ನೆಯ ತಿದ್ದುಪಡಿ ಸಾರಿತು. ಸಚಿವ ಸಂಪುಟ ಒಪ್ಪಿದ ವಿಧೇಯಕವನ್ನು ಸಾಮಾನ್ಯವಾಗಿ 224 ಚುನಾಯಿತ ಸದಸ್ಯರ ವಿಧಾನಸಭೆಯಲ್ಲಿ ಮಂಡಿಸುತ್ತಾರೆ. ಅದರ ತತ್ತ್ವವನ್ನು ಚರ್ಚಿಸಿದ ಮೇಲೆ ಖಂಡ ಖಂಡವಾಗಿ ಪರಿಶೀಲನೆ ನಡೆಯುತ್ತದೆ; ತಿದ್ದುಪಡಿಗೆ ಇದೇ ಸಮಯ. ಬಳಿಕ 75 ಸದಸ್ಯರ ವಿಧಾನಪರಿಷತ್ತು. ಪರಿಷತ್ತು ಒಪ್ಪದೆ ಮೂರು ತಿಂಗಳು ತಡೆಯಬಹುದು. ಸಭೆ ಮರಳಿ ಅಂಗೀಕರಿಸಿದರೆ ಇನ್ನೊಂದು ತಿಂಗಳು ಮಾತ್ರ. ಕೊನೆಗೆ ರಾಜ್ಯಪಾಲರು ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಿರುಗಿಸಬಹುದು, ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಲೂಬಹುದು. ಅಂಕಿತವಾದದ್ದು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ.

ಇಲ್ಲಿ ಭಾಷಾ ಪಂಡಿತನಿಗೂ ಒಂದು ಮಾತುಂಟು. ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’ ಎಂದರೆ ವಿಧಿ. ‘ಬಹುದು’ ಎಂದರೆ ಅವಕಾಶ ಮಾತ್ರ. ಅಧಿಸೂಚಿತ ಪ್ರದೇಶದಲ್ಲಿ ಬಾವಿ ತೋಡುವವನು ಅನುಮತಿ ಪಡೆಯತಕ್ಕದ್ದು ಎಂಬುದು 2011ರ ಅಧಿನಿಯಮದ ತಿರುಳು. ಆದರೆ ಪ್ರದೇಶವನ್ನು ಅಧಿಸೂಚಿಸುವುದು ಸರ್ಕಾರದ ವಿವೇಚನೆಗೆ ಸೇರಿದ್ದು. ಒಂದು ‘ಬಹುದು’ ಕದಲದೆ ಇನ್ನೊಂದು ‘ತಕ್ಕದ್ದು’ ಏಳಲಾರದು! ನಿಯಮಾವಳಿಯಿಲ್ಲದೆ ಅಧಿನಿಯಮವೂ ನಡೆಯಲಾರದು. ಈ ಅಧಿನಿಯಮದ ನಿಯಮಗಳು ಬಂದುದು 2012ರಲ್ಲಿ.

ಆದುದರಿಂದ ಪ್ರಜೆ ಎಚ್ಚರವಾಗಿರಬೇಕಾದುದು ರಾಜ್ಯಪತ್ರ ಬಂದ ದಿನವಲ್ಲ, ಖಂಡಗಳ ಚರ್ಚೆಯ ದಿನ. ಪ್ರತಿನಿಧಿಗೆ ಅಂದು ಬರೆದ ಒಂದು ಕಾಗದದಿಂದ ಒಂದು ಕ್ರಿಯಾಪದ ಬದಲಾದೀತು. ಉಪಾಧ್ಯಾಯರು ಪೌರನೀತಿಯ ತರಗತಿಯಲ್ಲಿ ಒಂದು ವಿಧೇಯಕವನ್ನು ಮಕ್ಕಳಿಂದ ಓದಿಸಲಿ. ಊರೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮೂರಿನ ಬಾವಿಗಳ ಆಳವನ್ನು ಅಂಕಿಯಲ್ಲಿ ಬರೆದಿಟ್ಟು ಸದನಕ್ಕೆ ಮುಟ್ಟಿಸಲಿ. ನೆಲದಡಿಯ ನೀರಿಗೆ ಮತದಾನದ ಹಕ್ಕಿಲ್ಲ. ಅದರ ಪರವಾಗಿ ನಾವೇ ಮಾತನಾಡತಕ್ಕದ್ದು.