ಅಕ್ಕಿಯ ತವುಡು ಮತ್ತು ಬೆರಿಬೆರಿ ರೋಗ

ಭತ್ತದ ಹೊಟ್ಟನ್ನು ತೆಗೆದೊಡನೆ ದೊರೆಯುವ ಅಕ್ಕಿ ಬೆಳ್ಳಗಿರುವುದಿಲ್ಲ. ಅದರ ಮೇಲೆ ಕಂದು ಅಥವಾ ಕೆಂಪು ಬಣ್ಣದ ತೆಳುವಾದ ಪೊರೆಯೂ ಒಂದು ತುದಿಯಲ್ಲಿ ಮೊಳಕೆಯ ಭಾಗವೂ ಇರುತ್ತವೆ. ಗಿರಣಿಯಲ್ಲಿ ಪಾಲಿಶ್ ಮಾಡುವಾಗ ಇವೆರಡೂ ಉದುರಿ ತವುಡಾಗುತ್ತವೆ. ಅಕ್ಕಿಯಲ್ಲಿರುವ ಬಿ-1 ಜೀವಸತ್ವ, ಅಂದರೆ ಥಯಮಿನ್, ಬಹುಪಾಲು ಇರುವುದು ಈ ಭಾಗದಲ್ಲಿಯೇ. ತವುಡನ್ನು ದನಗಳಿಗೆ ಹಾಕಿ ಬಿಳಿಯ ಅಕ್ಕಿಯನ್ನು ಉಣ್ಣುವವನು ಉತ್ತಮ ಪಾಲನ್ನು ಕೊಟ್ಟಿಗೆಗೇ ಬಿಟ್ಟುಕೊಟ್ಟಂತಾಯಿತು.

ಈ ಸಂಗತಿ ಬೆಳಕಿಗೆ ಬಂದುದು ಜಾವಾ ದ್ವೀಪದಲ್ಲಿ. ಕಾಲುಗಳು ಜೋಮು ಹಿಡಿದು, ನರಗಳು ದುರ್ಬಲವಾಗಿ, ಕೊನೆಗೆ ಹೃದಯವೇ ಸೋಲುವ ಬೆರಿಬೆರಿ ರೋಗವು 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಸೈನಿಕರನ್ನೂ ಕೈದಿಗಳನ್ನೂ ಬಲಿ ತೆಗೆದುಕೊಳ್ಳುತ್ತಿತ್ತು. ಅದು ಸೋಂಕು ರೋಗವೆಂದೇ ಆಗ ನಂಬಲಾಗಿತ್ತು. ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಅವರ ಪ್ರಯೋಗಶಾಲೆಯ ಕೋಳಿಗಳು ಸೈನಿಕ ಆಸ್ಪತ್ರೆಯಲ್ಲಿ ಉಳಿದ ಬಿಳಿಯ ಅನ್ನವನ್ನು ತಿನ್ನುತ್ತಿದ್ದಾಗ ಅವುಗಳ ಕಾಲುಗಳೂ ಸೋತವು. ಆಸ್ಪತ್ರೆಗೆ ಬಂದ ಹೊಸ ಅಡುಗೆಯವನು ಸೈನ್ಯದ ಅನ್ನವನ್ನು ಕೋಳಿಗಳಿಗೆ ಕೊಡಲು ಒಪ್ಪಲಿಲ್ಲ. ಆ ಬಳಿಕ ತವುಡುಳ್ಳ ಅಕ್ಕಿಯನ್ನು ತಿಂದು ಅವು ಚೇತರಿಸಿಕೊಂಡವು. ಮುಂದೆ ವೋರ್ಡರ್‌ಮನ್ ಎಂಬ ಅಧಿಕಾರಿಯು 101 ಸೆರೆಮನೆಗಳನ್ನು ಪರಿಶೀಲಿಸಿ 1897ರಲ್ಲಿ ವರದಿ ನೀಡಿದರು. ತವುಡುಳ್ಳ ಅಕ್ಕಿಯನ್ನು ಬಳಸುತ್ತಿದ್ದ 37 ಸೆರೆಮನೆಗಳ ಪೈಕಿ ಒಂದರಲ್ಲಿ ಮಾತ್ರ ರೋಗವಿತ್ತು. ಬಿಳಿಯ ಅಕ್ಕಿಯ 51ರ ಪೈಕಿ 36ರಲ್ಲಿ ಇತ್ತು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ರೋಗದ ಕಾರಣ ವಿಷವಲ್ಲ, ಪೋಷಕಾಂಶದ ಕೊರತೆ ಎಂದು 1901ರಲ್ಲಿ ಸ್ಪಷ್ಟಪಡಿಸಿದವರು ಅವರ ಸಹೋದ್ಯೋಗಿ ಖ್ರೈನ್ಸ್.

ದಕ್ಷಿಣ ಕನ್ನಡದ ಕುಚ್ಚಲಕ್ಕಿಯಲ್ಲಿ ಈ ಕೊರತೆಗೆ ಪರಿಹಾರವಿದೆ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಬೇಯಿಸಿದಾಗ ತವುಡಿನ ಥಯಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಅನಂತರ ಪಾಲಿಶ್ ಮಾಡಿದರೂ ಪೂರ್ತಿ ನಷ್ಟವಾಗುವುದಿಲ್ಲ. ಪಾಲಿಶ್ ಮಾಡಿದ 100 ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ ಸುಮಾರು 0.06 ಮಿಲಿಗ್ರಾಂ ಥಯಮಿನ್ ಇದ್ದರೆ, ಕುಚ್ಚಲಕ್ಕಿಯಲ್ಲಿ ಸುಮಾರು 0.21 ಮಿಲಿಗ್ರಾಂ ಇರುತ್ತದೆ. ಕುಚ್ಚಲಕ್ಕಿಯನ್ನು ಮುಂಬಯಿ, ಪುಣೆಯ ಅಂಗಡಿಗಳಲ್ಲಿ ಉಕಡಾ, ಚೆನ್ನೈಯಲ್ಲಿ ಪುಳುಂಗಲ್, ದೆಹಲಿಯಲ್ಲಿ ಸೇಲಾ ಎಂಬ ಹೆಸರಿನಿಂದ ಕೇಳಬೇಕು.

ಥಯಮಿನ್ ನೀರಿನಲ್ಲಿ ಕರಗುವ ವಸ್ತು. ಅಕ್ಕಿಯನ್ನು ನಾಲ್ಕಾರು ಬಾರಿ ಉಜ್ಜಿ ತೊಳೆದು, ಹೆಚ್ಚು ನೀರಿನಲ್ಲಿ ಬೇಯಿಸಿ, ಗಂಜಿಯನ್ನು ಬಸಿದು ಚೆಲ್ಲುವ ಮನೆಗಳಲ್ಲಿ ಉಳಿದದ್ದೂ ಹರಿದುಹೋಗುತ್ತದೆ. ಇದು ಕೇವಲ ಹಳೆಯ ಕಥೆಯಲ್ಲ. 2010ರ ದಶಕದಲ್ಲಿ ಕಾಶ್ಮೀರದ ವೈದ್ಯರು ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಎಳೆಯ ಶಿಶುಗಳಲ್ಲಿ ಪ್ರಾಣಾಪಾಯದ ಥಯಮಿನ್ ಕೊರತೆಯನ್ನು ಗುರುತಿಸಿದರು. ತಾಯಂದಿರ ಮುಖ್ಯ ಆಹಾರ ಬಿಳಿಯ ಅನ್ನವಾಗಿತ್ತು. ಥಯಮಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಶಿಶುಗಳು ಚೇತರಿಸಿಕೊಂಡವು. ಆದುದರಿಂದ ಬಾಣಂತಿಗೆ ಬರಿಯ ಬಿಳಿ ಅನ್ನ, ಸಾರು ಎಂಬ ಪಥ್ಯ ಸಲ್ಲದು. ಬೇಳೆ, ಕಾಳುಗಳು ಊಟದಲ್ಲಿ ಇರಲೇಬೇಕು.

ತವುಡಿನ ನಾರು ಮಲಬದ್ಧತೆಯನ್ನು ತಡೆಯುವುದು ನಿಜ. ಆದರೆ ಕೆಂಪಕ್ಕಿಯೂ ಪಿಷ್ಟವೇ ಆದುದರಿಂದ ಮಧುಮೇಹಿಗಳು ಅದನ್ನೂ ಮಿತವಾಗಿಯೇ ಉಣ್ಣಬೇಕು. ಗಿರಣಿಯ ತವುಡನ್ನು ತಂದು ತಿನ್ನುವುದು ಸರಿಯಲ್ಲ. ಅದರ ಎಣ್ಣೆಯ ಅಂಶ ಬಹುಬೇಗ ಕಮಟುಗಟ್ಟುತ್ತದೆ. ಪಾಲಿಶ್ ಮಾಡದ ಅಕ್ಕಿಯೂ ಇದೇ ಕಾರಣದಿಂದ ಹೆಚ್ಚು ಕಾಲ ಬಾಳುವುದಿಲ್ಲವಾದ್ದರಿಂದ ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ಕೊಂಡು, ಮುಚ್ಚಿದ ಡಬ್ಬಿಯಲ್ಲಿ ತಂಪಾದ ಕಡೆ ಇಡತಕ್ಕದ್ದು.