ಕೌದಿ ಕೋಣೆ: ಸಾಮಾನು ಗೋಡೆಗೆ, ನೆಲ ಹೊಲಿಗೆಗೆ

ವಳಸಂಗ, ಅಕ್ಕಲಕೋಟ ಕಡೆಯ ಮನೆಗಳಲ್ಲಿ ಕೌದಿಗೆಂದು ಎತ್ತಿಟ್ಟ ಹಳೆ ಸೀರೆ, ಧೋತರ, ಜಂಪರದ ತುಂಡುಗಳಿಗೆ ಬರವಿಲ್ಲ. ಗಂಟು ಕಟ್ಟಿ ಮಂಚದ ಕೆಳಗೆ, ಟ್ರಂಕಿನ ಮೇಲೆ, ಮೂಲೆಯಲ್ಲಿ ಪೇರಿಸಿರುತ್ತಾರೆ. ಬರ ಇರುವುದು ಖಾಲಿ ನೆಲಕ್ಕೆ. 6 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಕೌದಿ ಹಾಸಿ, ಸುತ್ತ ಕೂತು ಸರಿದಾಡಲು ಎಲ್ಲ ಕಡೆ ಒಂದೂವರೆ ಅಡಿ ಬಿಟ್ಟರೆ 9 ಅಡಿಗೆ ಏಳೂವರೆ ಅಡಿ ಜಾಗ ಬೇಕು. ಅಷ್ಟು ಸಿಗದ ಮನೆಯಲ್ಲಿ ಕೆಲಸ ಮುಂದಿನ ಬೇಸಿಗೆಗೆ ಹೋಗುತ್ತದೆ, ಗಂಟಿನೊಳಗಿನ ಅರಿವೆ ಇಲಿಯ ಪಾಲಾಗುತ್ತದೆ. ಆದ್ದರಿಂದ ಎಷ್ಟು ಸಾಮಾನು ಹಿಡಿಸುತ್ತದೆ ಎಂದು ನೋಡುವ ಮೊದಲು ಎಷ್ಟು ನೆಲ ಉಳಿಯುತ್ತದೆ ಎಂದು ಅಳೆಯಿರಿ. ವಿದೇಶದ ಕ್ವಿಲ್ಟಿಂಗ್ ಕೋಣೆಗಳ ಚಿತ್ರ ನೋಡಿ ದೊಡ್ಡ ಮೇಜು, ಡ್ರಾಯರ್ ಮಾಡಿಸುವವರಿದ್ದಾರೆ. ಅಲ್ಲಿ ಸಣ್ಣ ಚೌಕಗಳನ್ನು ಮಶಿನ್ ಮೇಲೆ ಒಂದಕ್ಕೊಂದು ಕೂಡಿಸುತ್ತ ಹೋಗುವುದರಿಂದ ಮೇಜು ಸಾಕಾಗುತ್ತದೆ. ನಮ್ಮ ಕೌದಿ ಮೊದಲ ದಿನವೇ ಪೂರ್ತಿ ಅಳತೆಗೆ ಹಾಸಿಕೊಳ್ಳುತ್ತದೆ. ಪದರದ ಮೇಲೆ ಪದರ ಇಟ್ಟು, ತುಂಡು ಹಚ್ಚಿ, ಅಂಚಿನಿಂದ ನಡುವಿಗೆ ಕೈಹೊಲಿಗೆ ಹಾಕುತ್ತ ಹೋಗಬೇಕು. ಅದಕ್ಕೆ ನೆಲವೇ ಮೇಜು.

ಮೊದಲು ಗಂಟುಗಳನ್ನೆಲ್ಲ ಬಿಚ್ಚಿ ಒಗೆಯಿರಿ. ಘಟಸ್ಥಾಪನೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳು ಹೇಗೂ ಹೊರಬೀಳುತ್ತವೆ, ಜೊತೆಗೇ ಮುಗಿಸಬಹುದು. ಒಣಗಿದ ಮೇಲೆ ಮೂರು ಪಾಲು ಮಾಡಿ: ಅಡಿಗೆ ಹಾಸುವ ಗಟ್ಟಿ ಸೀರೆ, ನಡುವಿನ ಪದರಕ್ಕೆ ಸವೆದು ಮೆತ್ತಗಾದ ಹತ್ತಿ, ಮೇಲೆ ಹಚ್ಚುವ ತುಂಡು. 9 ಗಜದ ಇಳಕಲ್ ಸೀರೆ ಸುಮಾರು 8 ಮೀಟರ್ ಬರುತ್ತದೆ. ಅದನ್ನು ನಾಲ್ಕು ಮಾಡಿ ಎರಡೆರಡು ಕೂಡಿಸಿದರೆ ಇಬ್ಬರು ಹೊದೆಯುವ ಕೌದಿಗೆ ಎರಡು ಪದರವಾಯಿತು. ಈ ಲೆಕ್ಕ ಹಾಕಿದರೆ ಎಷ್ಟು ಸೀರೆ ಇಟ್ಟುಕೊಳ್ಳಬೇಕು, ಎಷ್ಟು ಕೊಟ್ಟುಬಿಡಬೇಕು ಎಂಬುದು ತಿಳಿಯುತ್ತದೆ. ಒಳಪದರಕ್ಕೆ ಪಾಲಿಯೆಸ್ಟರ್ ಬೇಡ, ಬೆವರು ಹೀರುವುದಿಲ್ಲ. ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ: ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಸೊಲ್ಲಾಪುರ ಟಾವೆಲ್ಲಿಗೆ ಹೆಸರಾದ ಊರು, ಅದರ ತುಂಡುಗಳೂ ಕೈಗೆ ಸಿಗುತ್ತವೆ. ಆದರೆ ನಾಲ್ಕು ಪದರದ ನಡುವೆ ಆ ದಪ್ಪ ಸೂಜಿಗೆ ಬಗ್ಗುವುದಿಲ್ಲ. ತಂದು ರಾಶಿ ಹಾಕದಿರುವುದೇ ಒಳ್ಳೆಯದು.

ಈಗ ಗೋಡೆ. ಇಡೀ ಸೀರೆಗಳಿಗೆ ಹಳೆಯ ಗಳವೇ ಸಾಕು: ತೊಲೆಗೆ ಎರಡು ಹಗ್ಗ ಬಿಗಿದು ಬಿದಿರು ತೂಗುಹಾಕಿ, ಸ್ಲ್ಯಾಬಿನ ಮನೆಯಾದರೆ ಕೊಕ್ಕೆ ಹೊಡೆಸಿ ಒಂದು ಇಂಚಿನ ಪೈಪು ಇಡಿ, ತಲೆಗೆ ತಾಗದಷ್ಟು ಎತ್ತರಕ್ಕೆ. ತುಂಡುಗಳಿಗೆ ಹರಿದ ಸೊಲ್ಲಾಪುರ ಚಾದರದಲ್ಲಿ ಕಿಸೆಗಳ ಪರದೆ ಹೊಲಿಯಿರಿ. ಆ ಚಾದರ ಎರಡು ಪದರದ ನೇಯ್ಗೆ, ಭಾರಕ್ಕೆ ಜಗ್ಗುವುದಿಲ್ಲ. ಮೇಲಂಚು ಮಡಚಿ ಕೋಲು ತೂರುವಷ್ಟು ಸುರಳಿ ಹೊಲಿಯಿರಿ. ಇನ್ನೊಂದು ಚಾದರದಿಂದ ಅಡಿ ಅಗಲದ ಪಟ್ಟಿ ಕತ್ತರಿಸಿ, ಬಾಯಿಗೆ ಸೀರೆಯ ದಡಿ ಕಟ್ಟಿ, 12 ಇಂಚಿನ ಕಿಸೆಗೆ 15 ಇಂಚು ಪಟ್ಟಿ ಬಿಟ್ಟು ಅಡಿಯಲ್ಲಿ ನಿರಿಗೆ ಹಿಡಿದು ಜೋಡಿ ಹೊಲಿಗೆ ಹಾಕಿ. ಹೀಗೆ ಸಡಿಲ ಬಿಡದಿದ್ದರೆ ನಾಲ್ಕು ತುಂಡಿಗೇ ಕಿಸೆ ತುಂಬಿ ಬಾಯಿ ಹರಿಯುತ್ತದೆ. ಪರದೆಯ ಹಿಂದೆ ಮರದ ಪಟ್ಟಿ ಕೊಟ್ಟು ಗೋಡೆಯಿಂದ ಒಂದು ಇಂಚು ದೂರ ನಿಲ್ಲಿಸಿ. ಮಣ್ಣಿನ ಗೋಡೆಯ ಗೆದ್ದಲು ಅರಿವೆಗೆ ಸುಲಭವಾಗಿ ಹತ್ತದು, ಗಾಳಿಯೂ ಆಡುತ್ತದೆ. ಕಿಸೆ ತುಂಬುವಾಗ ಅಳತೆಯ ಪ್ರಕಾರ ತುಂಬಿ: ಗೇಣುದ್ದದವು ಒಂದು ಕಡೆ, ಅದಕ್ಕಿಂತ ಚಿಕ್ಕವು ಒಂದು ಕಡೆ, ಉದ್ದನೆಯ ಪಟ್ಟಿಗಳು ಒಂದು ಕಡೆ. ಬಣ್ಣದ ಪ್ರಕಾರ ಇಟ್ಟರೆ ಚೆಂದವಲ್ಲವೇ ಎನ್ನಬಹುದು. ಆದರೆ ಹೊಲಿಯುವವರು ಹುಡುಕುವುದು ಉಳಿದ ಜಾಗಕ್ಕೆ ಕೂರುವ ತುಂಡನ್ನು. ಅಳತೆ ಸಿಕ್ಕ ಮೇಲೆ ಕಿಸೆಯ ಬಾಯಲ್ಲೇ ಬಣ್ಣ ಆರಿಸಿಕೊಳ್ಳಬಹುದು.

ಬೇಸಿಗೆ ಗಾಳಿಗೆ ಎರೆಮಣ್ಣಿನ ಧೂಳು ಒಳಗೆ ನುಗ್ಗುವ ಸೀಮೆಯಲ್ಲಿ ಅರಿವೆ ತೂಗುಹಾಕುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಹಳೆ ಧೋತರದ ಮರೆ ಕಟ್ಟಿ, ಆಗಾಗ ಒಗೆದು ಹಾಕಿದರಾಯಿತು. ಕಬ್ಬಿಣದ ಕಪಾಟಿನಲ್ಲಿ ಧೂಳು ಬರುವುದಿಲ್ಲ, ನಿಜ, ಆದರೆ ಕಣ್ಣಿಗೆ ಬೀಳದ ಅರಿವೆ ನೆನಪಿಗೂ ಬರುವುದಿಲ್ಲ. ಹೊಲಿದು ಮುಗಿದ ಕೌದಿಗಳಿಗೆ ಟ್ರಂಕು, ಒಣಗಿದ ಬೇವಿನೆಲೆ ಸರಿ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮೊಣಕಾಲಿನದು: ಕೌದಿ ಕಲೆ ಬಲ್ಲವರು ಬಹುಪಾಲು ವಯಸ್ಸಾದ ಹೆಣ್ಣುಮಕ್ಕಳು, ಅವರನ್ನು ದಿನಗಟ್ಟಲೆ ನೆಲಕ್ಕೆ ಕೂರಿಸುವುದು ಕ್ರೌರ್ಯ. ಹಾಗೆ ಕೂರಿಸಬೇಕಾಗಿಲ್ಲ. ಪದರ ಹಾಸಿ, ಸುಕ್ಕು ಬಿಡಿಸಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕುವ ಕೆಲಸವನ್ನು ಮನೆಯ ಎಳೆಯರು ಅಜ್ಜಿಯ ಮಾತು ಕೇಳಿಕೊಂಡು ನೆಲದ ಮೇಲೆ ಮುಗಿಸಲಿ. ಆಮೇಲೆ ಅಜ್ಜಿ ಮಂಚದ ಮೇಲೆ ಕೂತು ತೊಡೆಯ ಮೇಲೆ ಎಳೆದುಕೊಂಡು ಹೊಲಿಯಬಹುದು. ಹಾಗಾದರೆ ನೆಲ ಬೇಕಾದದ್ದು ಕೆಲವೇ ತಾಸು ಎಂದಾಯಿತಲ್ಲ ಎಂದರೆ, ಹೌದು. ಆದರೆ ಆ ತಾಸುಗಳಲ್ಲಿ ಅಡಿಪದರ ಸುಕ್ಕಾದರೆ ಹೊಲಿಗೆಯನ್ನೆಲ್ಲ ಬಿಚ್ಚದೆ ಸರಿಪಡಿಸಲಾಗದು.

ಅರ್ಧ ಹೊಲಿದ ಕೌದಿಯನ್ನು ಮಡಚಬೇಡಿ, ಪದರ ಜಾರುತ್ತದೆ. ಪೈಪಿಗೆ ಸುತ್ತಿ ಎರಡು ಹಗ್ಗದ ಕುಣಿಕೆಯಲ್ಲಿ ಗೋಡೆಗೆ ತೂಗಿಬಿಡಿ. ದಾರದ ಉಂಡೆ, ಕತ್ತರಿಗಳಿಗೆ 15 ಕಿಲೋ ಎಣ್ಣೆಡಬ್ಬದ ಬಾಯಿ ಕತ್ತರಿಸಿ, ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಬಡಿದು ಮೊಳೆಗೆ ಹಾಕಿದರೆ ಸಾಕು. ಸೂಜಿಗಳನ್ನು ಮಾತ್ರ ಒಂದೇ ದಿಂಬಿಗೆ ಚುಚ್ಚಿ, ಕೂರುವ ಮುಂಚೆ ಎಣಿಸಿ, ಏಳುವಾಗ ಮತ್ತೆ ಎಣಿಸಿ. ಒಂದು ಕಡಿಮೆಯಾದರೆ ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ನೆಲದ ಮೇಲೂ ಕೌದಿಯ ಮೇಲೂ ಆಡಿಸಿ, ಸಿಗುವ ತನಕ ಆ ಕೋಣೆಗೆ ಕೂಸುಗಳನ್ನು ಬಿಡಬೇಡಿ.