ಲಿಂಕ್ ಕಡಿದರೂ ಶಾಖೆಯ ಫೋನ್ ರಿಂಗಾಗಲಿ

ಬೆಂಗಳೂರಿನಲ್ಲಿ ಪ್ರಧಾನ ಕಚೇರಿ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯಲ್ಲಿ ಶಾಖೆಗಳು. ಸಹಕಾರಿ ಬ್ಯಾಂಕೋ ಆಸ್ಪತ್ರೆಯೋ ಕಾಲೇಜು ಸಮೂಹವೋ, ಊರೂರಿಗೆ ಬೇರೆ ಬೇರೆ ಇಪಿಎಬಿಎಕ್ಸ್ ಇಟ್ಟು ಪ್ರತಿಯೊಂದಕ್ಕೂ ಎಎಂಸಿ ಕಟ್ಟುವ ಬದಲು ಎಲ್ಲ ಫೋನುಗಳನ್ನೂ ಒಂದೇ ಸರ್ವರ್ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಸೇರಿಸಿಬಿಡುವುದು ಲಾಭದ ಕೆಲಸವೇ. ತೊಂದರೆ ಎಲ್ಲಿ ಎಂದರೆ, ಯೋಜನೆ ಹಾಕುವವರು ಬೆಂಗಳೂರಿನ ಸರ್ವರ್ ಕೋಣೆಯಲ್ಲಿ ಕೂತು ಹಾಕುತ್ತಾರೆ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕತ್ತರಿಸಿದ ದಿನ ಕಲಬುರಗಿಯವರಿಗೆ ಪಕ್ಕದ ಕೋಣೆಗೂ ಫೋನ್ ಹೋಗುವುದಿಲ್ಲ. ಹಾಗಾಗದಂತೆ ಕ್ಲಸ್ಟರ್ ಕೂರಿಸುವ ಕ್ರಮ ಇಲ್ಲಿದೆ. ಉದಾಹರಣೆಗೆ ಸಿಸ್ಕೊದ ಯುನಿಫೈಡ್ ಕಮ್ಯುನಿಕೇಷನ್ಸ್ ಮ್ಯಾನೇಜರ್ ತೆಗೆದುಕೊಂಡಿದ್ದೇನೆ.

ಮೊದಲು ನಂಬರ್ ಪಟ್ಟಿ

ಸರ್ವರ್ ಪೆಟ್ಟಿಗೆ ಬಿಚ್ಚುವ ಮೊದಲೇ ನಂಬರುಗಳ ಪಟ್ಟಿ ಬರೆದು ಮುಗಿಸಿ. ಪ್ರತಿ ಶಾಖೆಯಲ್ಲೂ 3105 ಎಂಬ ಎಕ್ಸ್‌ಟೆನ್ಷನ್ ಇರುತ್ತದೆ. ಒಂದೇ ಕ್ಲಸ್ಟರಿಗೆ ಬಂದಾಗ ಅವು ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ ಊರಿನ ಕೋಡ್ ಸೇರಿಸಿ ಏಳಂಕಿಯ ನಂಬರನ್ನೇ ಸರ್ವರಿನಲ್ಲಿ ದಾಖಲಿಸಿ. ಜನರಿಗೆ ಈಗಾಗಲೇ ಬಾಯಿಪಾಠವಾಗಿರುವ ಎಸ್‌ಟಿಡಿ ಕೋಡನ್ನೇ ಬಳಸುವುದು ನನಗೆ ಮೆಚ್ಚುಗೆಯ ದಾರಿ: ಮಂಗಳೂರಿನ 0824ರಿಂದ 824, ಹುಬ್ಬಳ್ಳಿಯ 0836ರಿಂದ 836, ಕಲಬುರಗಿಯ 08472ರಿಂದ 847. ಬೆಂಗಳೂರಿಗೆ 880 ಇಟ್ಟುಕೊಳ್ಳಬಹುದು. ಆಗ ಮಂಗಳೂರಿನ 3105 ಬೇಕಾದರೆ ಬೇರೆ ಊರಿನವರು 8243105 ಒತ್ತುತ್ತಾರೆ. ಮಂಗಳೂರಿನೊಳಗೆ ನಾಲ್ಕೇ ಅಂಕಿ ಸಾಕಾಗುವಂತೆ ಟ್ರಾನ್ಸ್‌ಲೇಷನ್ ಪ್ಯಾಟರ್ನ್ ಹಾಕಿ. ಎಕ್ಸ್‌ಟೆನ್ಷನ್ 0, 1, 8ರಿಂದ ಶುರುವಾಗಬಾರದು. ಸೊನ್ನೆ ಹೊರಗಿನ ಲೈನಿಗೆ, ಎಂಟು ಊರಿನಿಂದ ಊರಿಗೆ, ಒಂದು 112ಕ್ಕೆ ಮೀಸಲು.

ಸರ್ವರ್ ಕೂರಿಸುವ ಸರದಿ

ಕ್ಲಸ್ಟರಿನಲ್ಲಿ ಒಂದು ಪಬ್ಲಿಷರ್, ಉಳಿದವು ಸಬ್‌ಸ್ಕ್ರೈಬರ್. ಸೆಟ್ಟಿಂಗ್ ಬದಲಾವಣೆಗಳು ಪಬ್ಲಿಷರಿನ ಡೇಟಾಬೇಸಿನಲ್ಲಿ ಆಗುತ್ತವೆ, ಸಬ್‌ಸ್ಕ್ರೈಬರುಗಳಲ್ಲಿ ಅದರ ಪ್ರತಿ ಇರುತ್ತದೆ. ಪಬ್ಲಿಷರ್ ನಿಂತುಹೋದರೆ ಹೊಸ ಫೋನ್ ಸೇರಿಸಲಾಗದು, ಕರೆಗಳು ಮಾತ್ರ ಸಬ್‌ಸ್ಕ್ರೈಬರಿನ ಮೇಲೆ ನಡೆಯುತ್ತಲೇ ಇರುತ್ತವೆ. ನಮ್ಮ ಉದಾಹರಣೆಯಲ್ಲಿ ಪಬ್ಲಿಷರ್ ಮತ್ತು ಒಂದು ಸಬ್‌ಸ್ಕ್ರೈಬರ್ ಬೆಂಗಳೂರಿನಲ್ಲಿ, ಇನ್ನೊಂದು ಸಬ್‌ಸ್ಕ್ರೈಬರ್ ಹುಬ್ಬಳ್ಳಿಯಲ್ಲಿ ಇರಲಿ. ಆದರೆ ಎರಡು ಊರಿನ ಸರ್ವರುಗಳ ನಡುವೆ ಪ್ಯಾಕೆಟ್ ಹೋಗಿಬರುವ ಸಮಯ 80 ಮಿಲಿಸೆಕೆಂಡ್ ಮೀರಬಾರದು. ಕೆಲಸದ ದಿನ, ಲಿಂಕಿನ ಮೇಲೆ ಭಾರ ಇರುವಾಗಲೇ ಅಳೆಯಿರಿ; ಭಾನುವಾರದ ಪಿಂಗ್ ನಂಬಬೇಡಿ.

ಪಬ್ಲಿಷರ್ ಮೊದಲು. ಅದಕ್ಕೆ ಹೊರಗಿನ ನಂಬಿಕಸ್ಥ ಎನ್‌ಟಿಪಿ ಗಡಿಯಾರ ತೋರಿಸಿ. ಸಬ್‌ಸ್ಕ್ರೈಬರುಗಳು ಪಬ್ಲಿಷರಿನಿಂದ ಸಮಯ ಪಡೆಯುತ್ತವೆ. ನಂತರ ಪಬ್ಲಿಷರಿನ ಸರ್ವರ್ ಪಟ್ಟಿಯಲ್ಲಿ ಸಬ್‌ಸ್ಕ್ರೈಬರಿನ ಹೆಸರು ಸೇರಿಸಿ, ಅದಾದ ಮೇಲೆಯೇ ಸಬ್‌ಸ್ಕ್ರೈಬರ್ ಇನ್‌ಸ್ಟಾಲ್ ಮಾಡಿ. ಸೆಕ್ಯುರಿಟಿ ಪಾಸ್‌ವರ್ಡ್ ಎಲ್ಲದರಲ್ಲೂ ಒಂದೇ. ಮುಗಿದ ಮೇಲೆ ಕಮಾಂಡ್ ಲೈನಿನಲ್ಲಿ ‘ಯುಟಿಲ್ಸ್ ಡಿಬಿರೆಪ್ಲಿಕೇಷನ್ ರನ್‌ಟೈಮ್‌ಸ್ಟೇಟ್’ ಕೊಟ್ಟು ನೋಡಿ. ಪ್ರತಿ ಸರ್ವರಿನ ಎದುರೂ 2 ಎಂದು ಬಂದರೆ ಪ್ರತಿ ಸರಿಯಾಗಿದೆ. ಬರದಿದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ಸರಿಮಾಡದೆ ಒಂದೇ ಒಂದು ಫೋನನ್ನೂ ಸೇರಿಸಬೇಡಿ.

ಮುಂದಿನದು ಕಾಲ್ ಮ್ಯಾನೇಜರ್ ಗ್ರೂಪ್. ಬೆಂಗಳೂರಿನ ಫೋನಿಗೆ ಮೊದಲು ಬೆಂಗಳೂರು, ಆಮೇಲೆ ಹುಬ್ಬಳ್ಳಿ. ಹುಬ್ಬಳ್ಳಿಯ ಫೋನಿಗೆ ತಿರುಗುಮುರುಗು. ಒಂದು ಸರ್ವರಿನ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದರೂ ಅದು ತಾಳಬೇಕು, ಹಾಗಾಗಿ ಯಾವ ಸರ್ವರನ್ನೂ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಲಿಂಕಿನ ಲೆಕ್ಕ

ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ 80 ಕೆಬಿಪಿಎಸ್, ಜಿ.729ರಲ್ಲಿ 24 ಎಂದು ಸರ್ವರ್ ಎಣಿಸುತ್ತದೆ. ಹತ್ತು ಕರೆಗೆ 800 ಅಥವಾ 240. ಊರಿನೊಳಗೆ ಜಿ.711, ಊರಿಂದೂರಿಗೆ ಜಿ.729 ಎಂದು ‘ರೀಜನ್’ನಲ್ಲಿ ಹೇಳಿ. ಒಟ್ಟು ಎಷ್ಟು ಕರೆಗೆ ಜಾಗ ಎಂಬುದನ್ನು ‘ಲೊಕೇಷನ್’ನಲ್ಲಿ ಕಟ್ಟಿ ಹಾಕಿ. ಈ ಮಿತಿ ಇಲ್ಲದಿದ್ದರೆ ಹನ್ನೊಂದನೆಯ ಕರೆ ಬಂದಾಗ ಮೊದಲಿನ ಹತ್ತೂ ಒಡೆದು ಕೇಳಿಸುತ್ತವೆ. ರೂಟರುಗಳಲ್ಲಿ ಧ್ವನಿ ಪ್ಯಾಕೆಟ್ಟಿಗೆ ಡಿಎಸ್‌ಸಿಪಿ 46ರ ಆದ್ಯತೆ ಕೊಡಿ. ಸೇವೆ ಕೊಡುವ ಕಂಪನಿಯೂ ತನ್ನ ಜಾಲದಲ್ಲಿ ಆ ಗುರುತನ್ನು ಉಳಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ಹೊರಗಿನ ಕರೆ ಆಯಾ ಊರಿನಿಂದಲೇ

ಇದು ಎಲ್ಲಕ್ಕಿಂತ ಮುಖ್ಯ. ಕಲಬುರಗಿಯವರು 112 ಒತ್ತಿದರೆ ಅದು ಬೆಂಗಳೂರಿನ ಲೈನಿನಿಂದ ಹೊರಡಬಾರದು. ಪೊಲೀಸರಿಗೆ ಕಾಣುವ ನಂಬರೇ ಬೇರೆ ಊರಿನದಾಗುತ್ತದೆ. ಪ್ರತಿ ಊರಿಗೂ ಸ್ವಂತ ಗೇಟ್‌ವೇ, ಸ್ವಂತ ಪಿಆರ್‌ಐ ಅಥವಾ ಸಿಪ್ ಟ್ರಂಕ್ ಇರಲಿ. ಫೋನ್ ಇರುವ ಊರಿನ ಗೇಟ್‌ವೇಯನ್ನು ಸರ್ವರೇ ಆರಿಸುವಂತೆ ಡಿವೈಸ್ ಪೂಲಿನಲ್ಲಿ ಲೋಕಲ್ ರೂಟ್ ಗ್ರೂಪ್ ಹೊಂದಿಸಿ. ಸಾರ್ವಜನಿಕ ಲೈನಿನ ಎಸ್‌ಟಿಡಿ ಕರೆಯನ್ನು ಕಂಪನಿಯ ಒಳಜಾಲದಲ್ಲಿ ಸಾಗಿಸಿ ಬೇರೆ ಊರಿನ ಸಾರ್ವಜನಿಕ ಲೈನಿಗೆ ಇಳಿಸುವುದಕ್ಕೆ ಟೋಲ್ ಬೈಪಾಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದಕ್ಕೆ ಅವಕಾಶವಿಲ್ಲ. ಇದನ್ನು ತಡೆಯಲೆಂದೇ ಸರ್ವರಿನಲ್ಲಿ ಲಾಜಿಕಲ್ ಪಾರ್ಟಿಷನಿಂಗ್ ಇದೆ. ಅದನ್ನು ಆನ್ ಮಾಡಿ, ಪ್ರತಿ ಗೇಟ್‌ವೇ ಮತ್ತು ಫೋನಿಗೆ ಜಿಯೊಲೊಕೇಷನ್ ಕೊಡಿ. ಟ್ರಾನ್ಸ್‌ಫರ್ ಮತ್ತು ಕಾನ್ಫರೆನ್ಸ್‌ನಲ್ಲೇ ಈ ತಪ್ಪು ಹೆಚ್ಚು ನುಸುಳುತ್ತದೆ, ಅವೆರಡನ್ನೂ ಬಿಡದೆ ಪರೀಕ್ಷಿಸಿ.

ಒಂಟಿಯಾದ ಶಾಖೆ

ಸರ್ವರ್ ಇಲ್ಲದ ಮಂಗಳೂರು, ಕಲಬುರಗಿಗಳ ರೂಟರಿನಲ್ಲಿ ಎಸ್‌ಆರ್‌ಎಸ್‌ಟಿ ಸೌಲಭ್ಯ ಕಡ್ಡಾಯ. ಬೆಂಗಳೂರು ಸಿಗದಾಗ ಫೋನುಗಳು ಆ ರೂಟರಿಗೇ ನೋಂದಣಿಯಾಗಿ ಒಳಗಿನ ಕರೆ, ಸ್ಥಳೀಯ ಲೈನಿನ ಕರೆ ಎರಡನ್ನೂ ನಡೆಸುತ್ತವೆ. ಸಿ-ಡಾಟ್ 1986ರಲ್ಲಿ ತನ್ನ ಮೊದಲ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ನಮ್ಮ ಕಿತ್ತೂರಿನಲ್ಲಿ ಕೂರಿಸಿದ್ದು ಇದೇ ತತ್ವದ ಮೇಲೆ: ಊರೊಳಗಿನ ಕರೆ ಊರಲ್ಲೇ ಜೋಡಣೆಯಾಗಬೇಕು. ಕೇಂದ್ರದ ಸರ್ವರ್ ಎಷ್ಟೇ ದೊಡ್ಡದಾಗಲಿ, ಈ ತತ್ವ ಬಿಟ್ಟುಕೊಡಬಾರದು.

ರೂಟರಿನಲ್ಲಿ ಹೊರಹೋಗುವ ಡಯಲ್ ಪಿಯರ್‌ಗಳನ್ನೂ 112ನ್ನೂ ಬರೆದಿಡಿ. ಡಿಎಚ್‌ಸಿಪಿಯನ್ನು ಶಾಖೆಯಲ್ಲೇ ಇಡಿ. ಅದು ಬೆಂಗಳೂರಿನಲ್ಲಿದ್ದರೆ, ಲಿಂಕ್ ಇಲ್ಲದಾಗ ಕರೆಂಟ್ ಹೋಗಿ ಬಂದ ಫೋನಿಗೆ ಐಪಿ ವಿಳಾಸವೇ ಸಿಗದು, ಎಸ್‌ಆರ್‌ಎಸ್‌ಟಿ ಇದ್ದೂ ಪ್ರಯೋಜನವಾಗದು. ಫೋನಿಗೆ ವಿದ್ಯುತ್ ಕೊಡುವ ಪಿಒಇ ಸ್ವಿಚ್ಚೂ ಯುಪಿಎಸ್ ಮೇಲಿರಲಿ. ಬೆಂಗಳೂರಿನಿಂದ ಆ ಶಾಖೆಯ ಎಕ್ಸ್‌ಟೆನ್ಷನ್ ಒತ್ತಿದವರ ಕರೆ ಶಾಖೆಯ ಸಾರ್ವಜನಿಕ ನಂಬರಿಗೆ ಹೋಗುವಂತೆ ‘ಕಾಲ್ ಫಾರ್ವರ್ಡ್ ಅನ್‌ರಿಜಿಸ್ಟರ್ಡ್’ ತುಂಬಿ.

ಕೊನೆಗೆ ಪರೀಕ್ಷೆ. ಕಚೇರಿ ಸಮಯದಲ್ಲಿ, ತಿಳಿಸಿ, ಶಾಖೆಯ ಲಿಂಕಿನ ಕೇಬಲ್ ಕಿತ್ತು ನೋಡಿ. ಒಳಗೊಳಗೆ ನಡೆಯುತ್ತಿದ್ದ ಕರೆ ಕಡಿಯಬಾರದು, ಏಕೆಂದರೆ ಧ್ವನಿ ಫೋನಿನಿಂದ ಫೋನಿಗೆ ನೇರ ಹರಿಯುತ್ತದೆ. ಆ ಕರೆಯನ್ನು ಹೋಲ್ಡ್, ಟ್ರಾನ್ಸ್‌ಫರ್ ಮಾಡಲಾಗದಿದ್ದರೆ ಅದು ಸಹಜ. ಹೊಸ ಕರೆಗೆ ಎರಡು–ಮೂರು ನಿಮಿಷ ಕಾಯಿರಿ. ಕೇಬಲ್ ಮತ್ತೆ ಹಾಕಿದಾಗ ಫೋನುಗಳು ತಾವಾಗಿ ಬೆಂಗಳೂರಿಗೆ ಮರಳುತ್ತವೆಯೇ ಎಂಬುದನ್ನೂ ಬರೆದುಕೊಳ್ಳಿ. ಈ ಪರೀಕ್ಷೆ ಪ್ರತಿ ಶಾಖೆಯಲ್ಲೂ ನಡೆದು, ಶಾಖೆಯ ವ್ಯವಸ್ಥಾಪಕರೇ ಸಹಿ ಹಾಕಿದ ಮೇಲೆ ಗುತ್ತಿಗೆದಾರರ ಕೊನೆಯ ಬಿಲ್ ಪಾಸ್ ಮಾಡಿ.